ಸಿಡುಕು ಮುದುಕ ಒಂದೇ ದಿನಕ್ಕೆ ಆಗುವುದಿಲ್ಲ

ನಮ್ಮ ಕಾಲೇಜಿನ ಓದುಗರ ಬಳಗ ಈ ಸಲ ಓದಿ ಮುಗಿಸಿದ ಪುಸ್ತಕ ‘ಎ ಮ್ಯಾನ್ ಕಾಲ್ಡ್ ಊವೆ’. ಬರೆದವರು ಸ್ವೀಡನ್ ದೇಶದ ಫ್ರೆಡ್ರಿಕ್ ಬಾಕ್‌ಮನ್. ಸ್ವೀಡಿಷ್ ಭಾಷೆಯಲ್ಲಿ ಬಂದದ್ದು 2012ರಲ್ಲಿ, ಮರುವರ್ಷ ಇಂಗ್ಲಿಷಿಗೆ ಅನುವಾದವಾಯಿತು. ನಮ್ಮಲ್ಲಿದ್ದದ್ದು ಇಂಗ್ಲಿಷಿನ ಒಂದೇ ಪ್ರತಿ. ಹಾಗಾಗಿ ಇಂಗ್ಲಿಷ್ ಉಪನ್ಯಾಸಕರು ಪ್ರತಿ ಶನಿವಾರ ಎರಡು ಮೂರು ಅಧ್ಯಾಯ ಓದಿ, ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ಆಮೇಲಿನ ಚರ್ಚೆ ಕನ್ನಡ, ಉರ್ದು ಎರಡರಲ್ಲೂ ನಡೆಯುತ್ತಿತ್ತು. ಕೆಲವು ಶನಿವಾರ ಅದು ಜಗಳವೂ ಆಯಿತು.

ಅಲ್ಲಿ ಬಂದ ಮಾತುಗಳನ್ನೆಲ್ಲ ಇಲ್ಲಿ ವರದಿ ಮಾಡುವುದು ನನ್ನ ಉದ್ದೇಶವಲ್ಲ. ನನ್ನ ಅಭಿಪ್ರಾಯ ಮಾತ್ರ ಬರೆಯುತ್ತೇನೆ. ಒಪ್ಪದವರು ಮುಂದಿನ ಸಂಚಿಕೆಗೆ ಉತ್ತರ ಬರೆಯಬೇಕೆಂದು ಈಗಲೇ ಕೇಳಿಕೊಳ್ಳುತ್ತೇನೆ. ನನ್ನ ಮಾತು ಇಷ್ಟೇ: ಸಿಡುಕು ಮುದುಕ ಹೆಂಡತಿ ಸತ್ತ ದಿನ ಹುಟ್ಟುವುದಿಲ್ಲ. ಅವನ ತಯಾರಿ ಬಹಳ ಮೊದಲೇ, ನಾವೀಗ ಇರುವ ಹದಿನೇಳು ಹದಿನೆಂಟರ ವಯಸ್ಸಿನಲ್ಲೇ ಶುರುವಾಗಿರುತ್ತದೆ.

ಪುಸ್ತಕ ಓದದವರಿಗಾಗಿ ಕತೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಊವೆಗೆ 59 ವರ್ಷ. (‘ಇದಕ್ಕೇ ಮುದುಕ ಅಂತೀರಾ?’ ಎಂದು ನಮ್ಮ ಹಿರಿಯ ಉಪನ್ಯಾಸಕರೊಬ್ಬರು ನಕ್ಕರು.) ದಿನಾ ಬೆಳಿಗ್ಗೆ ಬೇಗ ಎದ್ದು ಓಣಿಯ ತಪಾಸಣೆಗೆ ಹೊರಡುತ್ತಾನೆ. ಗ್ಯಾರೇಜಿನ ಬಾಗಿಲುಗಳು ಭದ್ರವಾಗಿವೆಯೇ, ವಾಹನ ತರಬಾರದ ಕಡೆ ಯಾರಾದರೂ ತಂದು ನಿಲ್ಲಿಸಿದ್ದಾರೆಯೇ, ಎಲ್ಲವೂ ನಿಯಮದ ಪ್ರಕಾರ ಇದೆಯೇ ಎಂದು ನೋಡುತ್ತಾನೆ. ಅವನ ಪ್ರಕಾರ ಸಾಬ್ ಕಂಪನಿಯದು ಮಾತ್ರ ಕಾರು. ಹಳೆಯ ಗೆಳೆಯ ರೂನೆ ವೋಲ್ವೊ ಓಡಿಸುವುದನ್ನಾದರೂ ಹೇಗೋ ಸಹಿಸಿಕೊಂಡಿದ್ದ. ಆತ ಬಿಎಂಡಬ್ಲ್ಯು ಕೊಂಡ ದಿನ ಮಾತೇ ಬಿಟ್ಟ. ಆಸ್ಪತ್ರೆಯಲ್ಲಿ ಮಕ್ಕಳನ್ನು ನಗಿಸಲು ಬಂದ ವಿದೂಷಕನ ಜೊತೆಗೂ ಒಂದು ನಾಣ್ಯಕ್ಕಾಗಿ ಜಗಳ ಮಾಡುತ್ತಾನೆ.

ನಗು ಬರುವ ಈ ಮನುಷ್ಯನ ಹೆಂಡತಿ ಸೋನ್ಯಾ ಆರು ತಿಂಗಳ ಹಿಂದೆ ಕ್ಯಾನ್ಸರಿನಿಂದ ತೀರಿಹೋಗಿದ್ದಾಳೆ. ಈಗ ಕೆಲಸದಿಂದಲೂ ಅವನನ್ನು ತೆಗೆದಿದ್ದಾರೆ. ಬದುಕು ಸಾಕು ಎಂದು ಅವನು ತೀರ್ಮಾನಿಸಿಕೊಂಡ ಹೊತ್ತಿಗೆ ನೆರೆಮನೆಗೆ ಹೊಸ ಸಂಸಾರವೊಂದು ಬರುತ್ತದೆ. ಇರಾನ್ ಮೂಲದ ಪರ್ವಾನೆ, ಅವಳ ಗಂಡ, ಇಬ್ಬರು ಹೆಣ್ಣುಮಕ್ಕಳು, ಹೊಟ್ಟೆಯಲ್ಲಿ ಮೂರನೆಯದು. ಗಂಡನಿಗೆ ಗಾಡಿ ಹಿಂದಕ್ಕೆ ತೆಗೆಯಲು ಬರುವುದಿಲ್ಲ, ಏಣಿ ಹತ್ತಿದರೆ ಬೀಳುತ್ತಾನೆ. ಪರ್ವಾನೆ ಹೊತ್ತಲ್ಲದ ಹೊತ್ತಿನಲ್ಲಿ ಬಂದು ಊವೆಯ ಬಾಗಿಲು ತಟ್ಟುತ್ತಾಳೆ. ಏಣಿ ಕೊಡು, ಆಸ್ಪತ್ರೆಗೆ ಬಿಡು, ನನಗೆ ಕಾರು ಓಡಿಸುವುದು ಕಲಿಸು. ಒಮ್ಮೆ ಕೇಸರಿ ಹಾಕಿದ ಅನ್ನ, ಕೋಳಿ ಡಬ್ಬಿಗೆ ತುಂಬಿ ಕಳಿಸುತ್ತಾಳೆ. ಅವಳ ಹೆಸರು ಕೇಳಿದ ಕೂಡಲೇ ಮನೆಯಲ್ಲಿ ಉರ್ದು ಆಡುವವರೆಲ್ಲ ‘ಅರೆ, ಪರ್ವಾನಾ!’ ಎಂದರು. ದೀಪದ ಸುತ್ತ ಸುತ್ತುವ ಹುಳಕ್ಕೆ ನಾವು ಅನ್ನುವ ಮಾತೇ ಅದು. ಸ್ವೀಡನ್ ಅಲ್ಲಿಂದ ಮುಂದೆ ನಮಗೆ ಅಷ್ಟು ದೂರ ಅನಿಸಲಿಲ್ಲ.

ಎರಡನೇ ಶನಿವಾರದ ಹೊತ್ತಿಗೆ ಎಲ್ಲರ ಬಾಯಲ್ಲೂ ಒಂದೇ ಮಾತು: ‘ನಮ್ಮ ಓಣ್ಯಾಗೂ ಇಂಥವರು ಒಬ್ಬರು ಅದಾರ.’ ನಳ ಬಿಟ್ಟು ಹೋದರೆ ಬೈಯುವವರು, ಕ್ರಿಕೆಟ್ ಚೆಂಡು ಒಳಗೆ ಬಿದ್ದರೆ ವಾಪಸ್ ಕೊಡದವರು, ಬೈಕಿನ ಸದ್ದಿಗೆ ಕೋಲು ಹಿಡಿದು ಹೊರಬರುವವರು. ಒಬ್ಬೊಬ್ಬರೂ ತಮ್ಮೂರಿನ ಊವೆಯ ಕತೆ ಹೇಳಿ ನಕ್ಕರು. ಲೆಕ್ಕ ಹಾಕಿದರೆ ಅವರಲ್ಲಿ ಹೆಚ್ಚಿನವರು ಹೆಂಡತಿಯನ್ನು ಕಳೆದುಕೊಂಡವರೇ.

ಆಗ ಗೆಳತಿಯೊಬ್ಬಳು ಕೇಳಿದ ಪ್ರಶ್ನೆಗೆ ನಗು ನಿಂತಿತು. ‘ಗಂಡ ಸತ್ತವಳು ಹೀಗೆ ಓಣಿಯವರನ್ನೆಲ್ಲ ಬೈಯುತ್ತ ತಿರುಗಿದರೆ ಅವಳ ಮೇಲೆ ಯಾರಾದರೂ ಇಷ್ಟು ಪ್ರೀತಿಯಿಂದ ಕಾದಂಬರಿ ಬರೆಯುತ್ತಿದ್ದರೇ?’ ಅವಳ ಪ್ರಶ್ನೆಯಲ್ಲಿ ಬಲವಿದೆ. 2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ವಿಧುರರಿಗಿಂತ ವಿಧವೆಯರ ಸಂಖ್ಯೆ ಮೂರು ಪಟ್ಟಿಗಿಂತ ಹೆಚ್ಚು. ಅವಳನ್ನು ಕರೆಯಲು ಕನ್ನಡದಲ್ಲಿ ಎಷ್ಟೋ ಮಾತುಗಳಿವೆ, ಅವುಗಳಲ್ಲಿ ಕೆಲವು ಬೈಗುಳಗಳೇ. ಉರ್ದುವಿನಲ್ಲಿ ‘ಬೇವಾ’ ಎನ್ನುವುದು ಎಲ್ಲರಿಗೂ ಗೊತ್ತು. ಹೆಂಡತಿ ಸತ್ತವನನ್ನು ಏನನ್ನುತ್ತಾರೆ ಎಂದು ಕೇಳಿದಾಗ ಇಡೀ ಕೋಣೆ ಒಂದು ಕ್ಷಣ ಸುಮ್ಮನಾಯಿತು. ‘ವಿಧುರ’ ಎನ್ನುವ ಪದವನ್ನು ಪುಸ್ತಕದಲ್ಲಿ ಕಂಡಿದ್ದೇವೆ, ಯಾರ ಬಾಯಲ್ಲೂ ಕೇಳಿಲ್ಲ.

ಹೆಸರು ಬೇಕಾಗಿಲ್ಲದ ಕಾರಣವೂ ಇದೆ: ನಮ್ಮಲ್ಲಿ ಗಂಡಸು ಆ ಸ್ಥಿತಿಯಲ್ಲಿ ಹೆಚ್ಚು ದಿನ ಇರುತ್ತಿರಲಿಲ್ಲ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ 1936ರ ಕಾದಂಬರಿ. ಅದರ ಚಂದ್ರಯ್ಯಗೌಡರೂ ಸಿಡುಕಿನ ಯಜಮಾನರೇ. ಮೊದಲಿಬ್ಬರು ಹೆಂಡಿರು ತೀರಿದ ಮೇಲೆ ಎಳೆಯ ಸುಬ್ಬಮ್ಮನನ್ನು ಮೂರನೆಯವಳಾಗಿ ಮನೆಗೆ ತರುತ್ತಾರೆ. 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ ಸಂಕಲನದಲ್ಲಿ ಶಾಯಿಸ್ತಾಳ ಕತೆಯಿದೆ. ನಿನಗಾಗಿ ಮಹಲು ಕಟ್ಟಿಸುತ್ತೇನೆ ಎಂದು ಎಲ್ಲರೆದುರು ಹೆಂಡತಿಯನ್ನು ಕೊಂಡಾಡುತ್ತಿದ್ದ ಗಂಡ, ಅವಳು ಸತ್ತು ಹೆಚ್ಚು ದಿನವಾಗುವ ಮೊದಲೇ ಮತ್ತೊಂದು ಮದುವೆ ಆಗುತ್ತಾನೆ. ಓದು ಬಿಟ್ಟು ತಮ್ಮ ತಂಗಿಯರನ್ನು ಸಾಕುವ ಪಾಲು ಹಿರಿಯ ಮಗಳದ್ದು. ಈ ಕತೆಗಳ ಪಕ್ಕದಲ್ಲಿಟ್ಟರೆ ಊವೆ ಮೇಲು ಅನಿಸುತ್ತದೆ. ಸೋನ್ಯಾಳ ಜಾಗಕ್ಕೆ ಅವನು ಯಾರನ್ನೂ ತರುವುದಿಲ್ಲ. ಸಮಾಧಿಯ ಬಳಿ ಹೋಗಿ ಅವಳೊಡನೆ ಮಾತಾಡುತ್ತಾನೆ.

ಇಷ್ಟಕ್ಕೆ ನಾವು ಅವನನ್ನು ಹೊಗಳಿ ಪುಸ್ತಕ ಮುಚ್ಚಬಹುದಿತ್ತು. ಆದರೆ ಸೋನ್ಯಾ ಬದುಕಿದ್ದಾಗ ಆ ಮನೆಯಲ್ಲಿ ಯಾರು ಯಾವ ಕೆಲಸ ಮಾಡುತ್ತಿದ್ದರು ಎಂದು ನೋಡಿ. ಬಸ್ಸಿನ ಅಪಘಾತದಲ್ಲಿ ಅವಳು ಹೊಟ್ಟೆಯಲ್ಲಿದ್ದ ಕೂಸನ್ನೂ ಕಾಲಿನ ಶಕ್ತಿಯನ್ನೂ ಕಳೆದುಕೊಂಡವಳು. ಅವಳು ಕಲಿಸುವ ಶಾಲೆಯಲ್ಲಿ ಗಾಲಿಕುರ್ಚಿಗೆ ದಾರಿ ಮಾಡಿಕೊಡಲು ಅಧಿಕಾರಿಗಳು ತಯಾರಿರಲಿಲ್ಲ. ಊವೆ ತಾನೇ ಇಳಿಜಾರು ಕಟ್ಟಿದ. ಕೈಯಿಂದ ಆಗುವುದನ್ನೆಲ್ಲ ಅವನು ಮಾಡಿದ. ಜನರ ಜೊತೆಗಿನ ಎಲ್ಲ ಕೆಲಸ ಅವಳದ್ದು. ಮಾತಾಡುವವಳು ಅವಳು, ನಗುವವಳು ಅವಳು, ಯಾರಿಗೂ ಬೇಡವಾದ ಹುಡುಗರನ್ನು ಕೂರಿಸಿಕೊಂಡು ಓದಿಸಿದವಳು ಅವಳು. ಗಂಡನ ಪರವಾಗಿ ಜಗತ್ತಿನ ಜೊತೆ ಸಂಬಂಧ ಇಟ್ಟುಕೊಂಡಿದ್ದವಳು ಅವಳೇ. ಅವಳು ಹೋದ ಮೇಲೆ ಅವನ ಹತ್ತಿರ ಉಳಿದದ್ದು ಕೈಕೆಲಸ ಮತ್ತು ನಿಯಮಗಳು.

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಮನೆಗಳು. ಅಬ್ಬಾ ತಮ್ಮ ಸ್ವಂತ ತಂಗಿಯ ಆರೋಗ್ಯ ಹೇಗಿದೆ ಎಂದು ಅಮ್ಮಿಯನ್ನು ಕೇಳುತ್ತಾರೆ. ಯಾರ ಮನೆಯಲ್ಲಿ ಮದುವೆ, ಯಾರಿಗೆ ಹೆರಿಗೆ, ಯಾರ ಮಗ ಪುಣೆಯಿಂದ ಬಂದಿದ್ದಾನೆ, ಯಾರ ಮನೆಗೆ ನೋಡಲು ಹೋಗಬೇಕು, ಬರಿಗೈಲಿ ಹೋಗಬಹುದೇ, ಎಲ್ಲವೂ ಅಮ್ಮಿಯ ತಲೆಯಲ್ಲಿರುತ್ತದೆ. ನಮ್ಮ ತರಗತಿಯ ಹುಡುಗರಿಗೆ ನಾನು ಒಂದು ಪ್ರಶ್ನೆ ಹಾಕಿದೆ: ನಿಮ್ಮ ಖಾಲಾ ಅಥವಾ ಚಿಕ್ಕಮ್ಮನಿಗೆ ಕೊನೆಯ ಸಲ ನೀವಾಗಿಯೇ ಫೋನ್ ಮಾಡಿದ್ದು ಯಾವಾಗ? ಅಮ್ಮ ಫೋನನ್ನು ಕಿವಿಗೆ ಹಿಡಿದು ‘ಮಾತಾಡು’ ಎಂದದ್ದು ಲೆಕ್ಕಕ್ಕಿಲ್ಲ. ಉತ್ತರ ಬರಲಿಲ್ಲ. ಒಬ್ಬ ಮಾತ್ರ ‘ಅದು ಹೆಂಗಸರ ಕೆಲಸ ಅಲ್ಲೇನು?’ ಎಂದ. ಅವನು ತಮಾಷೆಗೆ ಹೇಳಿದ್ದಲ್ಲ. ಹಾಗೇ ನೋಡಿ ಬೆಳೆದಿದ್ದಾನೆ.

ನನ್ನ ಭಯ ಇರುವುದು ಅಲ್ಲಿಯೇ. ಬಾಂಧವ್ಯ ಉಳಿಸಿಕೊಳ್ಳುವ ಕೆಲಸವನ್ನೆಲ್ಲ ಹೆಂಗಸಿಗೆ ಬಿಟ್ಟ ಗಂಡಸಿಗೆ, ಅವಳು ಹೋದ ದಿನ ಊರೇ ಹೋಗುತ್ತದೆ.

ಮುದನಾಳದ ನಮ್ಮ ಓಣಿಯಲ್ಲಿ ಒಬ್ಬ ಕಾಕಾ ಇದ್ದಾರೆ. ಹೆಸರು ಬರೆಯುವುದಿಲ್ಲ. ಬಹಳ ವರ್ಷ ಪುಣೆಯಲ್ಲಿ ಗೌಂಡಿ ಕೆಲಸ ಮಾಡಿ ಬಂದವರು. ಮಕ್ಕಳು ಈಗ ಬೆಂಗಳೂರಿನಲ್ಲಿ ಅದೇ ಕೆಲಸದಲ್ಲಿದ್ದಾರೆ. ನಮ್ಮ ಕಡೆ ಇದು ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಹತ್ತಿ, ತೊಗರಿ ನಂಬಿಕೊಂಡು ಕೂರಲು ಆಗುವುದಿಲ್ಲ. ಯಾದಗಿರಿ ಸ್ಟೇಷನ್ನಿನಲ್ಲಿ ಗಂಟುಮೂಟೆ ಹೊತ್ತು ಗುಳೆ ಹೊರಟವರನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? ದುಡಿಯುವ ಕೈಗಳು ರೈಲು ಹತ್ತಿದ ಮೇಲೆ ಮನೆಯಲ್ಲಿ ಉಳಿಯುವವರು ಮುದುಕರು, ಮುದುಕಿಯರು. ಇಬ್ಬರಲ್ಲಿ ಒಬ್ಬರು ಹೋದರೆ ಇನ್ನೊಬ್ಬರು ಒಂಟಿ.

ಕಾಕಿ ಇದ್ದಾಗ ಈದ್ ದಿನ ಅವರ ಮನೆಯಿಂದ ಶೀರ್ ಖುರ್ಮಾದ ಬಟ್ಟಲು ಎಂಟು ಹತ್ತು ಮನೆಗೆ ಹೋಗುತ್ತಿತ್ತು. ಬಟ್ಟಲನ್ನು ಖಾಲಿ ವಾಪಸ್ ಕಳಿಸುವ ರೂಢಿ ನಮ್ಮಲ್ಲಿಲ್ಲ. ಪಕ್ಕದ ಮನೆಯ ಲಿಂಗಾಯತರ ಅಜ್ಜಿ ಅದೇ ಬಟ್ಟಲಿನಲ್ಲಿ ಶೇಂಗಾ ಹೋಳಿಗೆ ಇಟ್ಟು ಕೊಡುತ್ತಿದ್ದರು. ಕಾಕಿ ತೀರಿದ ಮೇಲೆ ಬಟ್ಟಲು ಹೊರಗೆ ಹೋಗಲಿಲ್ಲ, ಹಾಗಾಗಿ ಒಳಗೂ ಬರಲಿಲ್ಲ. ಯಾರಿಗೂ ಕಾಕಾನ ಮೇಲೆ ದ್ವೇಷವಿರಲಿಲ್ಲ. ಓಣಿಯವರಿಗೆ ಗೊತ್ತಿದ್ದದ್ದು ಕಾಕಿ. ಕಾಕಾ ಅವರ ಗಂಡ, ಅಷ್ಟೇ. ಮೂರು ವರ್ಷದಲ್ಲಿ ಅವರು ‘ಖಡಕ್ ಕಾಕಾ’ ಆದರು. ನಳದ ನೀರಿಗೆ, ಮೇಕೆಗೆ, ಮಕ್ಕಳಿಗೆ ಬೈಯುವುದೊಂದೇ ಅವರು ಊರಿನ ಜೊತೆ ಆಡುವ ಮಾತಾಯಿತು.

ಹಿರಿಯರ ಎದುರು ‘ಉಫ್’ ಕೂಡ ಅನ್ನಬಾರದು ಎಂದು ಕೇಳಿ ಬೆಳೆದವರು ನಾವು. ನಾವು ಅನ್ನುವುದೂ ಇಲ್ಲ. ಅವರ ಕಟ್ಟಿಯ ಮುಂದೆ ಹಾದುಹೋಗುವಾಗ ಸಲಾಂ ಹೇಳಿ, ತಲೆ ತಗ್ಗಿಸಿ, ಬೇಗ ಬೇಗ ಹೆಜ್ಜೆ ಹಾಕುತ್ತೇವೆ. ಅದನ್ನೇ ಗೌರವ ಎಂದುಕೊಂಡಿದ್ದೇವೆ. ಎದುರು ಮಾತಾಡದೆ ಇರುವುದು ಗೌರವವಾದರೆ, ಮಾತನ್ನೇ ಆಡದೆ ಇರುವುದು ಏನು?

ಹಾಗಾದರೆ ಮಾಡುವುದೇನು? ಇಲ್ಲಿ ಕಾದಂಬರಿ ಒಳ್ಳೆಯ ದಾರಿ ತೋರಿಸುತ್ತದೆ, ಜೊತೆಗೆ ನನಗೆ ಒಪ್ಪಿಗೆಯಾಗದ ಒಂದು ವಿಷಯವೂ ಇದೆ.

ಒಳ್ಳೆಯದು ಏನೆಂದರೆ, ಊವೆಯನ್ನು ಯಾರೂ ಕನಿಕರದಿಂದ ಉಳಿಸುವುದಿಲ್ಲ. ‘ಪಾಪ, ಒಂಟಿ’ ಎಂದು ಬಂದಿದ್ದರೆ ಅವನು ಮುಖದ ಮೇಲೆ ಬಾಗಿಲು ಹಾಕುತ್ತಿದ್ದ. ಜನ ಬಂದದ್ದು ಅವನಿಂದ ಆಗಬೇಕಾದ ಕೆಲಸ ಹೊತ್ತುಕೊಂಡು. ಪರ್ವಾನೆಗೆ ಕಾರು ಕಲಿಯಬೇಕು, ಹುಡುಗನೊಬ್ಬನ ಸೈಕಲ್ ದುರಸ್ತಿ ಆಗಬೇಕು, ರೂನೆಯ ಹೆಂಡತಿಯ ಮನೆಯಲ್ಲಿ ಬಿಸಿಯೂಡುವ ಕೊಳವೆ ಕೆಟ್ಟಿದೆ. ನೆನಪು ಕಳೆದುಕೊಂಡ ರೂನೆಯನ್ನು ಅಧಿಕಾರಿಗಳು ಆರೈಕೆ ಕೇಂದ್ರಕ್ಕೆ ಒಯ್ಯಲು ಬಂದಾಗ, ಮಾತು ಬಿಟ್ಟಿದ್ದ ಅದೇ ಊವೆ ಅವನ ಪರವಾಗಿ ನಿಲ್ಲುತ್ತಾನೆ. ಬೈಯುತ್ತಲೇ ಒಂದೊಂದು ಕೆಲಸ ಮಾಡಿಕೊಡುತ್ತಾನೆ. ಬೈಯುತ್ತ ಬೈಯುತ್ತ ಅವನಿಗೆ ನಾಳೆ ಎನ್ನುವುದೊಂದು ಇರುತ್ತದೆ.

ಒಪ್ಪಿಗೆಯಾಗದ್ದು ಏನೆಂದರೆ, ಬಾಗಿಲು ತಟ್ಟುವ ಕೆಲಸ ಇಲ್ಲೂ ಹೆಣ್ಣಿನದೇ. ತುಂಬು ಬಸುರಿ, ಎರಡು ಚಿಕ್ಕ ಮಕ್ಕಳ ತಾಯಿ, ಪರದೇಶದಿಂದ ಬಂದವಳು. ಇವಳಿಗೆ ತನ್ನದೇ ಸಾಕಷ್ಟು ಇರಲಿಲ್ಲವೇ? 2015ರಲ್ಲಿ ಸ್ವೀಡನ್ನಿನಲ್ಲಿ ಇದು ಸಿನಿಮಾ ಆಯಿತು. 2022ರಲ್ಲಿ ಹಾಲಿವುಡ್ಡಿನವರು ಟಾಮ್ ಹ್ಯಾಂಕ್ಸ್ ಅವರನ್ನು ಹಾಕಿಕೊಂಡು ಮತ್ತೆ ತೆಗೆದಾಗ ಊವೆ ಆಟೊ ಆದ, ಇರಾನಿನ ಪರ್ವಾನೆ ಮೆಕ್ಸಿಕೊದ ಮಾರಿಸೋಲ್ ಆದಳು. ದೇಶ ಬದಲಾಯಿತು, ಕಾರಿನ ಹೆಸರು ಬದಲಾಯಿತು, ಆದರೆ ಮುದುಕನನ್ನು ಮನುಷ್ಯರ ನಡುವೆ ಎಳೆದು ತರುವ ಹೊಣೆ ಬಸುರಿ ಹೆಂಗಸಿನದ್ದಾಗಿಯೇ ಉಳಿಯಿತು. ಸೋನ್ಯಾ ಮಾಡುತ್ತಿದ್ದ ಕೆಲಸ ಪರ್ವಾನೆಯ ಹೆಗಲಿಗೆ ಬಂತು. ಒಬ್ಬ ಹೆಂಗಸು ಹೋದಾಗ ಇನ್ನೊಬ್ಬಳು ಬಂದು ಹೊರುವುದಾದರೆ, ಚಂದ್ರಯ್ಯಗೌಡರ ಮನೆಗೂ ಇದಕ್ಕೂ ನಾವು ಅಂದುಕೊಂಡಷ್ಟು ದೂರವಿಲ್ಲ.

ಹುಡುಗರು ಇದಕ್ಕೆ ಕೊಟ್ಟ ಉತ್ತರವನ್ನೂ ಬರೆಯಬೇಕು. ‘ಗಂಡಸರ ಪ್ರೀತಿ ಮಾತಿನಲ್ಲಿ ಇರುವುದಿಲ್ಲ, ಕೆಲಸದಲ್ಲಿ ಇರುತ್ತದೆ. ಊವೆ ಇಳಿಜಾರು ಕಟ್ಟಿದ್ದು ಪ್ರೀತಿಯಲ್ಲವೇ?’ ಎಂದು ಕೇಳಿದರು. ಪ್ರೀತಿಯೇ. ಬಿಸಿಲಿನಲ್ಲಿ ಇಟ್ಟಿಗೆ ಹೊತ್ತು ಮನೆಗೆ ದುಡ್ಡು ಕಳಿಸುವುದೂ ಪ್ರೀತಿಯೇ, ಅದನ್ನು ಈ ಜಿಲ್ಲೆಯಲ್ಲಿ ಹುಟ್ಟಿದ ಯಾರೂ ಅಲ್ಲಗಳೆಯಲಾರರು. ನನ್ನ ತಕರಾರು ಅದರ ಬಗ್ಗೆ ಅಲ್ಲ. ದುಡಿಮೆ ನಿಂತ ಮೇಲೆ, ಕೈ ನಡುಗತೊಡಗಿದ ಮೇಲೆ, ಆ ಪ್ರೀತಿ ಯಾವ ದಾರಿಯಿಂದ ಹೊರಗೆ ಬರಬೇಕು? ಬೇರೆ ದಾರಿಯನ್ನು ಚಿಕ್ಕಂದಿನಲ್ಲೇ ಕಲಿತಿರದಿದ್ದರೆ ಅದು ಬೈಗುಳವಾಗಿ ಬರುತ್ತದೆ. ಹುಡುಗರನ್ನು ದೂರಲು ಇದನ್ನು ಹೇಳುತ್ತಿಲ್ಲ. ಅರವತ್ತು ದಾಟಿದ ಮೇಲೆ ಅವರು ಒಂಟಿಯಾಗಬಾರದು ಎಂದು ಹೇಳುತ್ತಿದ್ದೇನೆ.

ನಮ್ಮ ಬಳಗದ ಇಬ್ಬರು ಹುಡುಗರು ಈ ಮಾತನ್ನು ಪರೀಕ್ಷೆ ಮಾಡಿ ನೋಡಿದರು. ಒಬ್ಬನ ಮನೆಯ ಮುಂದಿನ ಕಟ್ಟಿ ಒಡೆದಿತ್ತು. ಸಿಮೆಂಟಿಗೆ ಮರಳು ಎಷ್ಟು ಕಲಿಸಬೇಕು ಎಂದು ಕೇಳಲು ಖಡಕ್ ಕಾಕಾನ ಹತ್ತಿರ ಹೋದರು. ‘ಪಿಯುಸಿ ಓದ್ತೀರಿ, ಇಷ್ಟೂ ಗೊತ್ತಿಲ್ಲೇನು?’ ಎಂದು ಮೊದಲು ಚೆನ್ನಾಗಿ ಬೈಸಿಕೊಂಡರು. ಮರುದಿನ ಕಾಕಾ ಕರಣಿ ಹಿಡಿದು ತಾವೇ ಬಂದು ನಿಂತರು. ಹುಡುಗರು ಕಲಿಸಿದ ಮಾಲನ್ನು ನೋಡಿ ಮತ್ತೆ ಬೈದರು. ಕಟ್ಟಿ ಆಯಿತು, ಚಹಾ ಆಯಿತು. ಕಾಕಾ ಈಗಲೂ ಬೈಯುತ್ತಾರೆ. ಆದರೆ ಈಗ ಹೆಸರು ಹಿಡಿದು ಬೈಯುತ್ತಾರೆ. ಇದರಿಂದ ಎಲ್ಲ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಮೂರು ವರ್ಷದಲ್ಲಿ ಆ ಮನೆಯ ಬಾಗಿಲಿಗೆ ಕೆಲಸ ಕೇಳಿಕೊಂಡು ಹೋದವರು ಇವರೇ ಮೊದಲಿಗರು ಎಂದಷ್ಟೇ ಹೇಳುತ್ತೇನೆ.

ಒಂದು ಮಾತು ಬಹಳ ಗಂಭೀರವಾಗಿ ಹೇಳಬೇಕು. ಊವೆ ಬದುಕನ್ನು ಮುಗಿಸಿಕೊಳ್ಳಲು ಯೋಚಿಸುವ ಅಧ್ಯಾಯಗಳನ್ನು ಕಾದಂಬರಿ ನಗುತ್ತ ದಾಟಿಸುತ್ತದೆ. ಓಣಿಯಲ್ಲಿ ಹಾಗಾಗುವುದಿಲ್ಲ, ಬಾಗಿಲು ತಟ್ಟುವವರು ಸರಿಯಾದ ಹೊತ್ತಿಗೆ ಬಂದೇ ಬರುತ್ತಾರೆ ಎಂಬ ಭರವಸೆ ಇಲ್ಲ. ಸದಾ ಸಿಡುಕುವ ಹಿರಿಯರೊಬ್ಬರು ಇದ್ದಕ್ಕಿದ್ದಂತೆ ಶಾಂತರಾದರೆ, ಊಟ ಬಿಟ್ಟರೆ, ತಮ್ಮ ವಸ್ತುಗಳನ್ನು ಹಂಚತೊಡಗಿದರೆ ಅದನ್ನು ‘ಒಳ್ಳೆಯವರಾದರು’ ಎಂದುಕೊಳ್ಳಬೇಡಿ. ಹತ್ತಿರ ಹೋಗಿ ಕೂತು ಕೇಳಿ. ಹಿರಿಯ ನಾಗರಿಕರ ಸಹಾಯವಾಣಿ 14567. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ ಸಹಾಯವಾಣಿ 14416. ಅದು ಎಲ್ಲ ವಯಸ್ಸಿನವರಿಗೂ ಇದೆ, ಪರೀಕ್ಷೆಯ ದಿನಗಳಲ್ಲಿ ನಮಗೂ ಬೇಕಾಗಬಹುದು. ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ವಯಸ್ಸಾದ ತಂದೆ ತಾಯಿಯನ್ನು ನೋಡಿಕೊಳ್ಳದ ಮಕ್ಕಳಿಂದ ಜೀವನಾಂಶ ಕೊಡಿಸುವ ಕಾನೂನು 2007ರಿಂದ ಇದೆ. ಆದರೆ ಕಾನೂನು ಜೀವನಾಂಶ ಕೊಡಿಸಬಹುದು, ಬಟ್ಟಲು ತಿರುಗುವಂತೆ ಮಾಡಲಾರದು.

ಬಳಗದ ಮುಂದೆ ಮೂರು ಸಲಹೆ ಇಡುತ್ತೇನೆ.

ಮುಂದಿನ ಪುಸ್ತಕ ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಆಗಲಿ. 1968ರ ಈ ಕಾದಂಬರಿಗಾಗಿಯೇ 1977ರ ಜ್ಞಾನಪೀಠ ಬಂತು. ಎಳವೆಯಲ್ಲೇ ಗಂಡನನ್ನು ಕಳೆದುಕೊಂಡ ಎಂಬತ್ತರ ಅಜ್ಜಿ ಯಾರ ಮುಲಾಜಿಲ್ಲದೆ ತನಗೆ ಕಂಡದ್ದನ್ನು ಹೇಳುತ್ತಾಳೆ. ಗೆಳತಿ ಕೇಳಿದ ಪ್ರಶ್ನೆಗೆ ಸ್ವೀಡನ್ನಿನವರಿಗಿಂತ ಮೊದಲೇ ಕನ್ನಡದಲ್ಲಿ ಉತ್ತರ ಸಿಕ್ಕಿದೆ. ಕನ್ನಡದ ಪುಸ್ತಕವಾದ್ದರಿಂದ ಒಬ್ಬರು ಓದಿ ಹೇಳುವುದನ್ನು ಕಾಯದೆ ಎಲ್ಲರೂ ಓದಬಹುದು.

ಬಳಗದ ಒಂದು ಸಭೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ನಡೆಯಲಿ, ಊರಿನ ಹಿರಿಯರನ್ನೂ ಕರೆಯೋಣ. ಶಾಲು, ಹಾರ, ಸನ್ಮಾನ ಬೇಡ. ಶಾಲು ಹೊದಿಸಿ ಕೂರಿಸಿದರೆ ಅವರು ಮತ್ತೆ ಸುಮ್ಮನೆ ಕೂರಬೇಕಾಗುತ್ತದೆ. ಅವರಿಂದ ಕತೆ ಕೇಳೋಣ, ಕೆಲಸ ಕೇಳೋಣ, ನಮ್ಮ ಓದಿನಲ್ಲಿ ತಪ್ಪಿದ್ದರೆ ಬೈಯಲು ಹೇಳೋಣ.

ಮೂರನೆಯದು ಹುಡುಗರಿಗೆ. ಬಾಗಿಲು ತಟ್ಟುವ ಸರದಿ ನಿಮ್ಮದಾಗಲಿ. ಈದ್ ದಿನ, ಹಬ್ಬದ ದಿನ ಬಟ್ಟಲು ಒಯ್ಯುವವರು ನೀವಾಗಿ. ಒಯ್ಯುವುದಷ್ಟೇ ಅಲ್ಲ, ಯಾರ ಮನೆಗೆ ಒಯ್ಯಬೇಕು ಎಂದು ನೆನಪಿಟ್ಟುಕೊಳ್ಳುವವರೂ ನೀವೇ ಆಗಿ. ಹೆಚ್ಚು ಭಾರ ಇರುವುದು ಆ ನೆನಪಿಟ್ಟುಕೊಳ್ಳುವುದರಲ್ಲಿ. ಮೊದಲಿಗೆ ಇಂದು ಸಂಜೆ ಅತ್ತೆಗೋ ಚಿಕ್ಕಮ್ಮನಿಗೋ ನೀವಾಗಿಯೇ ಒಂದು ಫೋನ್ ಮಾಡಿ. ಏನು ಮಾತಾಡುವುದು ಎಂದು ತೋಚದಿದ್ದರೆ ‘ಊಟ ಆತೇನ್ರಿ?’ ಎಂದು ಕೇಳಿ. ಉಳಿದ ಮಾತನ್ನು ಅವರೇ ಆಡುತ್ತಾರೆ.